ಜರ್ಮನಿಯಲ್ಲಿ ಬೈಕ್ ಕೊಂಡು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದು

ಜರ್ಮನಿಗೆ ಬಂದು ಬೈಕ್ ತಗೊಳ್ಳಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಬೈಕ್ ಹುಡುಕುವುದು ಆಮೇಲೆ ಇರಲಿ, ಲೈಸೆನ್ಸ್ ಕೆಲಸ ಈಗಲೇ ಶುರು ಮಾಡಿ. ನೋಂದಣಿ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಕಾಗದ ಸರಿಯಾಗಿದ್ದರೆ ಅದು ಒಂದು ಬೆಳಗಿನ ಕೆಲಸ. ಲೈಸೆನ್ಸ್ ಮಾತ್ರ ತಿಂಗಳುಗಟ್ಟಲೆ ಎಳೆಯುತ್ತದೆ. ನಿಮ್ಮ ಹೆಸರಿಗೆ ಬೈಕ್ ಮಾಡಿಸಿಕೊಳ್ಳಲು ಇಲ್ಲಿ ಲೈಸೆನ್ಸ್ ಬೇಕಾಗಿಲ್ಲ. ಹಾಗಾಗಿ ಗಾಡಿ ಮನೆ ಮುಂದೆ ಬಂದು ನಿಂತಿರುತ್ತದೆ, ಓಡಿಸೋಕೆ ಆಗಲ್ಲ. ಅಂಥವರು ಕೆಲವರನ್ನು ನೋಡಿದ್ದೇನೆ.

ಭಾರತದ ಲೈಸೆನ್ಸ್ ಇಲ್ಲಿ ನೀವು ನಿವಾಸಿಯಾದ ದಿನದಿಂದ 6 ತಿಂಗಳು ಮಾತ್ರ ನಡೆಯುತ್ತದೆ. ಅದೂ ಜರ್ಮನ್ ಅನುವಾದವೋ ಅಂತರರಾಷ್ಟ್ರೀಯ ಪರ್ಮಿಟ್ಟೋ ಜೊತೆಗಿದ್ದರೆ. ಆಮೇಲೆ ಅದನ್ನು ಜರ್ಮನ್ ಲೈಸೆನ್ಸಿಗೆ ಬದಲಿಸಿಕೊಳ್ಳಬೇಕು. ಇದಕ್ಕೆ ಉಮ್‌ಶ್ರೈಬುಂಗ್ ಅನ್ನುತ್ತಾರೆ. ಪರೀಕ್ಷೆಯಿಲ್ಲದೆ ಬದಲಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಬರವಣಿಗೆ ಪರೀಕ್ಷೆ, ರಸ್ತೆ ಪರೀಕ್ಷೆ ಎರಡೂ ಬರೆಯಲೇಬೇಕು, ಕೊಡಲೇಬೇಕು. ಹೊಸಬರಿಗೆ ಇರುವ ಕಡ್ಡಾಯ ತರಗತಿಗಳು ನಮಗಿಲ್ಲ, ಅದೊಂದು ಸಮಾಧಾನ. ಆದರೂ ಡ್ರೈವಿಂಗ್ ಸ್ಕೂಲ್ ಸೇರದೆ ಗತಿಯಿಲ್ಲ, ಯಾಕೆಂದರೆ ರಸ್ತೆ ಪರೀಕ್ಷೆ ನಡೆಯುವುದು ಅವರ ಶಿಕ್ಷಕರ ಜೊತೆಯಲ್ಲೇ. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿ ಇವೆರಡನ್ನೂ ಮೊದಲೇ ಮುಗಿಸಿಡಿ. ನಮ್ಮ ಲೈಸೆನ್ಸಿಗೆ ಯಾವ ವರ್ಗ ಕೊಡುತ್ತಾರೆ ಅಂತ ಅರ್ಜಿ ಹಾಕುವಾಗಲೇ ಕೇಳಿ. ಎ2 ಆದರೆ 35 ಕಿಲೋವಾಟ್‌ವರೆಗಿನ ಬೈಕ್ ಮಾತ್ರ. ಇದು ಗೊತ್ತಾಗದೆ ಬೈಕ್ ನೋಡುವುದರಲ್ಲಿ ಅರ್ಥವಿಲ್ಲ.

ಬರವಣಿಗೆ ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆಯಬಹುದು. ರಸ್ತೆ ಪರೀಕ್ಷೆ ಜರ್ಮನ್‌ನಲ್ಲಿ. ಪರೀಕ್ಷಕರೂ ಶಿಕ್ಷಕರೂ ಹಿಂದೆ ಕಾರಿನಲ್ಲಿ ಬರುತ್ತಾರೆ. ಎಡಕ್ಕೋ ಬಲಕ್ಕೋ ಅನ್ನುವುದು ಹೆಲ್ಮೆಟ್ ಒಳಗಿನ ರೇಡಿಯೋದಲ್ಲಿ ಕೇಳುತ್ತದೆ. ವರ್ಷಗಟ್ಟಲೆ ಬೈಕ್ ಓಡಿಸಿದವರಿಗೂ ಕಷ್ಟ ಅನ್ನಿಸುವುದು ನಡಿಗೆಯ ವೇಗದ ಸ್ಲಾಲಮ್. ಕೋನ್‌ಗಳ ಮಧ್ಯೆ ಹಾವಿನ ಹಾಗೆ ಸುತ್ತಿ ಬರಬೇಕು, ಕಾಲು ನೆಲಕ್ಕೆ ತಾಗಬಾರದು. ನಾವು ಟ್ರಾಫಿಕ್‌ನಲ್ಲಿ ಎರಡೂ ಕಾಲು ಇಳಿಬಿಟ್ಟುಕೊಂಡು ನುಸುಳಿ ಬಂದವರು ಅಲ್ವಾ, ಇಲ್ಲಿ ಆ ಅಭ್ಯಾಸವನ್ನೇ ಬಿಡಬೇಕು. ನನಗೆ ಕೈ ಹಿಡಿದದ್ದು ಇದು: ಕ್ಲಚ್ ಅರ್ಧ, ಆಕ್ಸಿಲರೇಟರ್ ಒಂದೇ ಸಮ, ಹಿಂದಿನ ಬ್ರೇಕ್ ಮೇಲೆ ಕಾಲು ಸದಾ ಸ್ವಲ್ಪ ಒತ್ತಿರಬೇಕು, ಕಣ್ಣು ಎದುರಿನ ಕೋನ್ ಬಿಟ್ಟು ಅದರಾಚೆಯದರ ಮೇಲಿರಬೇಕು. ಮುಂದಿನ ಬ್ರೇಕ್ ಮುಟ್ಟಿದರೆ ಗಾಡಿ ವಾಲುತ್ತದೆ. ಇದಲ್ಲದೆ 50 ಕಿಲೋಮೀಟರ್ ವೇಗದಿಂದ ತುರ್ತು ಬ್ರೇಕ್ ಹಾಕಿಸುತ್ತಾರೆ, ಅದೇ ವೇಗದಲ್ಲಿ ಅಡ್ಡಿಯಿಂದ ತಪ್ಪಿಸಿಕೊಳ್ಳುವುದನ್ನೂ ಮಾಡಿಸುತ್ತಾರೆ. ಜಾಕೆಟ್, ಗ್ಲೌಸ್, ಬೂಟು, ಬೆನ್ನಿನ ಕವಚ ಇಲ್ಲದೆ ಹೋದರೆ ಪರೀಕ್ಷೆಗೇ ಬಿಡುವುದಿಲ್ಲ. ಸರಿಯಾದ ನಿಯಮ ಅಂತಲೇ ನನಗನ್ನಿಸುತ್ತದೆ.

ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಬೈಕ್ ಹುಡುಕತೊಡಗಿದೆ. ನಾನು ತಗೊಂಡಿದ್ದು 349 ಸಿಸಿಯ ರಾಯಲ್ ಎನ್‌ಫೀಲ್ಡ್, ಸೆಕೆಂಡ್ ಹ್ಯಾಂಡ್. ಹಳೇ ಬೈಕ್ ನೋಡಲು ಹೋದಾಗ ಮೊದಲು ಹಿಂದಿನ ನಂಬರ್ ಪ್ಲೇಟ್ ನೋಡಿ. ಅದರ ಮೇಲೆ ದುಂಡಗಿನ ಬಣ್ಣದ ಸ್ಟಿಕ್ಕರ್ ಇರುತ್ತದೆ. ಮಧ್ಯದ ಅಂಕಿ ವರ್ಷ, ನೆಟ್ಟಗೆ ಮೇಲ್ಗಡೆ ಬರುವ ಅಂಕಿ ತಿಂಗಳು. ಎರಡು ವರ್ಷಕ್ಕೊಮ್ಮೆ ಮಾಡಿಸಬೇಕಾದ ತಪಾಸಣೆ, ಎಲ್ಲರೂ ಟ್ಯೂಫ್ ಅನ್ನುವುದು, ಎಲ್ಲಿಯವರೆಗಿದೆ ಅಂತ ಯಾರನ್ನೂ ಕೇಳದೆ ಅಲ್ಲೇ ಗೊತ್ತಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಹೆಚ್ಚು ಓಡಿಸದ ಬೈಕ್ ಅಂತ ಖುಷಿಪಡುವ ಮೊದಲು ಟೈರಿನ ವಯಸ್ಸು ನೋಡಿ. ಸೈಲೆನ್ಸರ್, ಹ್ಯಾಂಡಲ್ ಬದಲಿಸಿದ್ದರೆ ಅದಕ್ಕೆ ಅನುಮತಿ ಪತ್ರ ಕೇಳಿ. ಪತ್ರವೂ ಇಲ್ಲ, ದಾಖಲೆಯಲ್ಲೂ ನಮೂದಾಗಿಲ್ಲ ಅಂದರೆ ಆ ಗಾಡಿ ಬೇಡ.

ದಾಖಲೆ ಎರಡು. ಫಾರ್‌ತ್ಸಾಯ್ಗ್‌ಶೈನ್ ಅಂದರೆ ನೋಂದಣಿ ಪತ್ರ, ಗಾಡಿ ಓಡಿಸುವಾಗ ಜೊತೆಗಿರಬೇಕಾದದ್ದು. ಫಾರ್‌ತ್ಸಾಯ್ಗ್‌ಬ್ರೀಫ್ ಅಂದರೆ ಗಾಡಿಯ ಮೂಲ ಪತ್ರ, ಮನೆಯಲ್ಲಿ ಭದ್ರವಾಗಿಡಬೇಕಾದದ್ದು. ಎರಡನೆಯದು ಮಾರುವವರ ಕೈಯಲ್ಲಿ ಇಲ್ಲ ಅಂದರೆ ಒಂದು ಯೂರೋನೂ ಕೊಡಬೇಡಿ. ಸಾಲ ತೀರದಿದ್ದರೆ ಅದು ಬ್ಯಾಂಕಿನಲ್ಲಿರುತ್ತದೆ. ಚಾಸಿ ನಂಬರನ್ನು ಅಂಕಿ ಅಂಕಿಯಾಗಿ ಕಾಗದದ ಜೊತೆ ಹೋಲಿಸಿ ನೋಡಿ. ಮಾರಾಟದ ಒಪ್ಪಂದ ಬರೆಯುವಾಗ ತಾರೀಕಿನ ಜೊತೆ ಗಂಟೆಯನ್ನೂ ಹಾಕಿ. ಆ ಗಳಿಗೆಯ ಆಚೆಗೆ ಏನಾದರೂ ಆದರೆ ಯಾರ ಹೊಣೆ ಅನ್ನುವುದಕ್ಕೆ ಬೇಕಾಗುತ್ತದೆ.

ನನಗೆ ಸಿಕ್ಕ ಬೈಕ್ ಬೇರೆ ಊರಿನಲ್ಲಿತ್ತು, ನೋಂದಣಿಯನ್ನೂ ಆಗಲೇ ರದ್ದು ಮಾಡಿಸಿದ್ದರು. ನೋಂದಣಿ ಇಲ್ಲದ ಗಾಡಿಯನ್ನು ಸುಮ್ನೆ ರಸ್ತೆಗೆ ಇಳಿಸುವ ಹಾಗಿಲ್ಲ. ಒಪ್ಪಂದ ಬರೆದು, ಹಣ ಕೊಟ್ಟು, ಎರಡೂ ದಾಖಲೆ ಮತ್ತು ಟ್ಯೂಫ್ ವರದಿ ತಗೊಂಡು ಬಂದೆ. ಬೈಕ್ ಅವರ ಶೆಡ್ಡಿನಲ್ಲೇ ಉಳಿಯಿತು. ನಮ್ಮೂರ ಕಚೇರಿಯಲ್ಲಿ ನೋಂದಾಯಿಸಿ, ಹೊಸ ಪ್ಲೇಟನ್ನು ಬ್ಯಾಗಿನಲ್ಲಿಟ್ಟುಕೊಂಡು, ಹೆಲ್ಮೆಟ್ ಕೈಯಲ್ಲಿ ಹಿಡಿದು ರೈಲು ಹತ್ತಿದೆ. ಅಲ್ಲಿ ಪ್ಲೇಟ್ ಕೂರಿಸಿ ಓಡಿಸಿಕೊಂಡೇ ಬಂದೆ. ವ್ಯಾನ್ ಬಾಡಿಗೆಯೂ ಇಲ್ಲ, ಯಾರ ಹಂಗೂ ಇಲ್ಲ. ಮಾರುವವರ ಮೇಲೆ ನಂಬಿಕೆ ಇದ್ದರೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಕಚೇರಿಗೆ ಹೋಗುವ ಮೊದಲು ಇನ್ಶೂರೆನ್ಸ್ ಕಂಪನಿಯಿಂದ ಎ-ಫೌ-ಬೇ ಸಂಖ್ಯೆ, ಅಂದರೆ ಗಾಡಿಗೆ ಇನ್ಶೂರೆನ್ಸ್ ಇದೆ ಅನ್ನುವ ದೃಢೀಕರಣದ ಸಂಖ್ಯೆ, ಬರಬೇಕು. ಅಕ್ಷರ, ಅಂಕಿ ಸೇರಿ ಏಳು. ಅದಿಲ್ಲದೆ ನೋಂದಣಿ ಇಲ್ಲ. ನಮ್ಮ ಕಡೆಯವರು ಇಲ್ಲಿ ಹೆಸರಿನ ಬಗ್ಗೆ ಜಾಗ್ರತೆ ಮಾಡಬೇಕು. ಊರಿನ ಹೆಸರು, ಅಪ್ಪನ ಹೆಸರು, ಇನಿಶಿಯಲ್ ಎಲ್ಲ ಸೇರಿ ಬ್ಯಾಂಕಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇರುತ್ತದೆ. ಇನ್ಶೂರೆನ್ಸ್, ತೆರಿಗೆ ಕಡಿತಕ್ಕೆ ಕೊಡುವ ಬ್ಯಾಂಕ್ ಒಪ್ಪಿಗೆ ಪತ್ರ ಎರಡನ್ನೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಮಾಡಿಸಿ.

ಆಗಲೇ ಸೀಸನ್ ಪ್ಲೇಟ್ ಬೇಕಾ ಅಂತಲೂ ತೀರ್ಮಾನಿಸಿ. ನಾನು ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನದು ತಗೊಂಡೆ. ಪ್ಲೇಟಿನ ಬಲತುದಿಯಲ್ಲಿ ಮೇಲೆ 03, ಕೆಳಗೆ 10 ಅಂತ ಅಚ್ಚಾಗಿರುತ್ತದೆ. ತೆರಿಗೆ, ಇನ್ಶೂರೆನ್ಸ್ ಕಂತು ಆ ತಿಂಗಳುಗಳಿಗೆ ಮಾತ್ರ. ಉಳಿದ ತಿಂಗಳು ಓಡಿಸುವುದಿರಲಿ, ರಸ್ತೆ ಬದಿಯಲ್ಲಿ ನಿಲ್ಲಿಸುವ ಹಾಗೂ ಇಲ್ಲ. ಸ್ವಂತ ಜಾಗ ಇಲ್ಲದವರಿಗೆ ಇದು ಬೇಡ. ಇನ್ನೊಂದು, ವರ್ಷದಲ್ಲಿ 6 ತಿಂಗಳಾದರೂ ಇನ್ಶೂರೆನ್ಸ್ ನಡೆದರೆ ಮಾತ್ರ ಅಪಘಾತವಿಲ್ಲದ ವರ್ಷ ಅಂತ ಲೆಕ್ಕಕ್ಕೆ ಬಂದು ಮುಂದೆ ಕಂತು ಇಳಿಯುತ್ತದೆ. ಹೊಸದಾಗಿ ಬಂದ ನಮ್ಮಂಥವರು ಶುರುವಿನಲ್ಲಿ ಜಾಸ್ತಿ ಕಟ್ಟುತ್ತೇವೆ, ಆದ್ದರಿಂದ ಇದನ್ನು ಕಳೆದುಕೊಳ್ಳಬಾರದು.

ಕೌಂಟರಿನಲ್ಲಿ ಕೇಳಿದ್ದು ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್, ವಿಳಾಸದ ಪತ್ರವಾದ ಮೆಲ್ಡೆಬೆಶೈನಿಗುಂಗ್, ಎರಡು ದಾಖಲೆ, ಟ್ಯೂಫ್ ವರದಿ, ಆ ಏಳಕ್ಷರದ ಸಂಖ್ಯೆ, ತೆರಿಗೆ ಕಡಿತಕ್ಕೆ ಬ್ಯಾಂಕ್ ಒಪ್ಪಿಗೆ. ನಮ್ಮ ಪಾಸ್‌ಪೋರ್ಟಿನಲ್ಲಿ ಇಲ್ಲಿನ ವಿಳಾಸ ಇರುವುದಿಲ್ಲ, ಹಾಗಾಗಿ ವಿಳಾಸದ ಪತ್ರ ಮರೆಯಬೇಡಿ. ನಂಬರ್ ಕೊಟ್ಟ ಮೇಲೆ ಹೊರಗೆ ಪ್ಲೇಟ್ ಅಂಗಡಿಗೆ ಹೋಗಬೇಕು, ನಿಂತಲ್ಲೇ ಅಚ್ಚೊತ್ತಿ ಕೊಡುತ್ತಾರೆ. ಬೈಕ್ ಪ್ಲೇಟಿನ ಅಗಲ 180ರಿಂದ 220 ಮಿಲಿಮೀಟರ್. ಅಕ್ಷರ, ಅಂಕಿ ಕಡಿಮೆ ಇದ್ದರೆ ಪ್ಲೇಟ್ ಚಿಕ್ಕದಾಗಿ ಚೆನ್ನಾಗಿ ಕಾಣುತ್ತದೆ. ಅದಕ್ಕೇ ನಾನು 10.20 ಯೂರೋ ಜಾಸ್ತಿ ಕೊಟ್ಟು ಬೇಕಾದ ನಂಬರ್ ತಗೊಂಡೆ. ಮತ್ತೆ ಒಳಗೆ ಹೋಗಿ ಸರ್ಕಾರದ ಮುದ್ರೆ ಅಂಟಿಸಿಕೊಂಡರೆ ಮುಗಿಯಿತು. ಆ ಮುದ್ರೆಯ ಅಡಿಯಲ್ಲಿ ಗುಪ್ತ ಸಂಖ್ಯೆ ಇರುತ್ತದೆ, ದಾಖಲೆಯಲ್ಲೂ ಒಂದಿರುತ್ತದೆ. ನೋಂದಣಿ ರದ್ದು ಮಾಡುವವರೆಗೂ ಅದನ್ನು ಕೆರೆಯಬೇಡಿ.

ತೆರಿಗೆ ನೋಟಿಸ್ ಆಮೇಲೆ ಕಸ್ಟಮ್ಸ್ ಇಲಾಖೆಯಿಂದ ಅಂಚೆಯಲ್ಲಿ ಬರುತ್ತದೆ, ಗಾಬರಿ ಬೇಡ. ವಾಹನ ತೆರಿಗೆ ವಸೂಲಿ ಅವರದ್ದೇ. ಬೈಕಿಗೆ ಪ್ರತಿ 25 ಸಿಸಿಗೆ ವರ್ಷಕ್ಕೆ 1.84 ಯೂರೋ. 349 ಸಿಸಿಗೆ ಇಡೀ ವರ್ಷ ಲೆಕ್ಕ ಹಾಕಿದರೂ 25 ಯೂರೋ ಚಿಲ್ಲರೆ. ಮನೆ ಬದಲಿಸಿದರೆ ಹೊಸ ವಿಳಾಸವನ್ನು ಗಾಡಿಯ ದಾಖಲೆಯಲ್ಲೂ ಹಾಕಿಸಬೇಕು. ಬೇರೆ ಜಿಲ್ಲೆಗೆ ಹೋದರೂ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು.