ಗಾಡಿ ಬಿಡುವಾಗ ಸೀಟಿ ಊದುವ ಕ್ರಮ

ದಾವಣಗೆರೆ ಸ್ಟೇಷನ್‌ನಲ್ಲಿ ಗಾಡಿ ನಿಲ್ಲುವುದೇ ಸ್ವಲ್ಪ ಹೊತ್ತು. ಆ ಗಡಿಬಿಡಿಯಲ್ಲಿ ಗಾರ್ಡ್ (2022ರಿಂದ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್, ಬಾಯಲ್ಲಿ ಇನ್ನೂ ಗಾರ್ಡೇ) ಮೊದಲು ನೋಡಬೇಕಾದ್ದು ಸ್ಟಾರ್ಟರ್ ಸಿಗ್ನಲ್, ಅಂದರೆ ಗಾಡಿ ಸ್ಟೇಷನ್ ಬಿಡಲು ಅನುಮತಿ ಕೊಡುವ ಸಿಗ್ನಲ್. ಕೆಂಪು ಹೋಗಿರಬೇಕು. ಆಮೇಲೆ ಬ್ರೇಕ್‌ವ್ಯಾನಿನ (ಗಾರ್ಡ್ ಇರುವ ಬೋಗಿ) ಪ್ರೆಶರ್ ಗೇಜ್, ಬ್ರೇಕ್ ಪೈಪಿನ ಗಾಳಿಯ ಒತ್ತಡ ತೋರಿಸುವುದು. ಎಂಜಿನ್ನಿನಲ್ಲಿ ಚದರ ಸೆಂ.ಮೀ.ಗೆ 5 ಕೆಜಿ ಇದ್ದರೆ ಇಲ್ಲಿ ಸುಮಾರು 4.8 ಬಂದಿರಬೇಕು. ಪಾರ್ಸೆಲ್ ಬಾಗಿಲು ಹಾಕಿದೆಯೇ, ಹತ್ತುವವರು ಮುಗಿದರೇ ಎಂದು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಣ್ಣಾಡಿಸಿ.

ಈಗ ಸೀಟಿ. ಹಲ್ಲಿನಿಂದ ಹಗುರವಾಗಿ ಹಿಡಿದು, ನಾಲಿಗೆಯ ತುದಿಯಿಂದ ತೂತು ಮುಚ್ಚಿ, ಹೊಟ್ಟೆಯಿಂದ ಉಸಿರು ಒತ್ತಿ ನಾಲಿಗೆ ತೆಗೆಯಿರಿ. ಆಗ ದನಿ ಥಟ್ಟನೆ ಹೊರಡುತ್ತದೆ. ಕೆನ್ನೆ ಉಬ್ಬಿಸಿ ಊದಿದರೆ ಬರೀ ಗಾಳಿ. ಒಳಗೆ ಗುಂಡಿರುವ ಸೀಟಿಗೆ ಜೋರು ಹೆಚ್ಚಾದರೆ ಗುಂಡು ಸಿಕ್ಕಿಕೊಳ್ಳುತ್ತದೆ, ಎಂಜಲು ಕೂತರೂ ಅಷ್ಟೇ. ಪಾಳಿ ಮುಗಿದ ಮೇಲೆ ತೊಳೆದು, ಕೊಡವಿ, ಒಣಗಿಸಿ. ಗುಂಡಿಲ್ಲದ ಸೀಟಿಗೆ ಈ ರಗಳೆಯಿಲ್ಲ, ನಮ್ಮ ಮತ ಅದಕ್ಕೇ.

ಸೀಟಿ ಗಮನ ಸೆಳೆಯಲು ಮಾತ್ರ. ಗಾಡಿ ಬಿಡಲು ಒಪ್ಪಿಗೆ ಹಗಲು ಹಸಿರು ಬಾವುಟ, ರಾತ್ರಿ ಹಸಿರು ದೀಪ. ಪಕ್ಕದ ಪ್ಲಾಟ್‌ಫಾರ್ಮಿನಲ್ಲೂ ಗಾಡಿ ನಿಂತಿದ್ದರೆ ಯಾರ ಸೀಟಿ ಯಾರಿಗೆ ಎಂದು ತಿಳಿಯುವುದಿಲ್ಲ. ಅದಕ್ಕೇ ಬಾವುಟ ಲೋಕೋ ಪೈಲಟ್‌ಗೆ ಕಾಣುವಂತೆ ಚಾಚಿ ಹಿಡಿಯಬೇಕು. ತಿರುವಿನಲ್ಲಿ ಕಾಣದಿದ್ದರೆ ವಾಕಿಟಾಕಿಯಲ್ಲಿ ಗಾಡಿ ನಂಬರ್ ಸಮೇತ ಹೇಳಿ. ಎಂಜಿನ್ನಿನಿಂದ ಎರಡು ಗಿಡ್ಡ ಸೀಟಿ ಬಂದರೆ ನಿಮ್ಮ ಸಿಗ್ನಲ್ ಕೇಳುತ್ತಿದ್ದಾರೆ ಎಂದರ್ಥ, ಮತ್ತೆ ತೋರಿಸಿ.

ಅಷ್ಟರಲ್ಲಿ ಯಾರಾದರೂ ಓಡಿಬಂದು ಹಿಡಿಕೆ ಹಿಡಿದರೆ ಹಸಿರು ಮಡಚಿ ಕೆಂಪು ಬಿಚ್ಚಿ. ಎರಡೂ ಬಾವುಟ ಬೇರೆ ಬೇರೆ ಕೋಲಿಗಿರಲಿ.