ಮೊಲದ ಹಲ್ಲು ನೋಡುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು

ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಈಗ ನಾಲ್ಕು ಮೊಲ. ಭಾನುವಾರ ಬೆಳಗ್ಗೆ ನಾಲ್ಕರದ್ದೂ ಕಿವಿ, ಹಲ್ಲು, ಉಗುರು, ಹಿಂಭಾಗ ನೋಡಿ ತೂಕ ಹಾಕುತ್ತೇನೆ. ಒಬ್ಬನೇ, ಸುಮಾರು 20 ನಿಮಿಷ. "ಒಬ್ಬನ ಕೈಲಿ ಆಗಲ್ಲ ಬಿಡೋ. ಕಿವಿ ಹಿಡಿದು ಎತ್ತು, ಇಲ್ಲ ಅಂಗಾತ ಮಲಗಿಸು" ಎನ್ನುತ್ತಿದ್ದ ಹರಿಹರದ ಗೆಳೆಯ ಹೋದ ತಿಂಗಳು ಬಂದು ಕೂತು ನೋಡಿದ. ಮಾತಾಡಲಿಲ್ಲ.

ಮೊದಲು ಎಡವಟ್ಟುಗಳನ್ನು ಹೇಳಿಬಿಡುತ್ತೇನೆ. ಶುರುವಿನಲ್ಲಿ ಊಟದ ಟೇಬಲ್ ಮೇಲೆ ಇಟ್ಟು ನೋಡುತ್ತಿದ್ದೆ. ಸನ್‌ಮೈಕಾ ಮೇಲೆ ಕಾಲು ಜಾರಿತು, ನಾಲ್ಕರಲ್ಲೊಬ್ಬ ಕರಿಯ ಒದ್ದು ಹಾರಿ ಕೆಳಗೆ ಬಿದ್ದ. ಹಿಂಗಾಲು ಎಳೆಯುತ್ತಿದ್ದ. ತನ್ನದೇ ಒದೆತಕ್ಕೆ ಬೆನ್ನುಮೂಳೆ ಮುರಿದುಕೊಳ್ಳುವ ಪ್ರಾಣಿ ಅದು, ಗೊತ್ತಲ್ವಾ. ಎಕ್ಸ್‌ರೇ, ಆಟೋ, ಔಷಧಿ ಸೇರಿ ಎರಡು ಸಾವಿರದ ಹತ್ತಿರ ಹೋಯಿತು. ಪುಣ್ಯಕ್ಕೆ ಬರೀ ಉಳುಕು. ಅಂಗಾತ ಮಲಗಿಸಿಯೂ ನೋಡಿದೆ. ಸುಮ್ಮನಾಗುತ್ತದೆ ನಿಜ, ಆದರೆ ಅದು ಭಯಕ್ಕೆ ಮರಗಟ್ಟುವುದು. ಬಿಟ್ಟೆ. ದಪ್ಪ ಟವೆಲ್‌ನಲ್ಲಿ ಸುತ್ತಿದ್ದು ಡಿಸೆಂಬರ್‌ನಲ್ಲಿ ಚೆನ್ನಾಗಿತ್ತು. ನಮ್ಮ ಏಪ್ರಿಲ್ ಬಿಸಿಲಿಗೆ ಮೊಲ ಬಾಯಿ ತೆರೆದು ಏದುಸಿರು ಬಿಡತೊಡಗಿತು. ಒದ್ದೆ ಬಟ್ಟೆಯಲ್ಲಿ ಕಿವಿ ಒರೆಸಿ ಉಳಿಸಿಕೊಂಡೆ.

ಕೊನೆಗೆ ಕೈ ಹಿಡಿದದ್ದು ಮಂಡಕ್ಕಿ ಭಟ್ಟಿಯಿಂದ ತಂದ ಹಳೇ ಗೋಣಿಚೀಲ, 20 ರೂಪಾಯಿ. ನೆಲಕ್ಕೆ ಹಾಸಿ ಮಂಡಿಯೂರಿ ಕೂರುತ್ತೇನೆ. ತೊಡೆಗಳ ನಡುವೆ ಮೊಲ, ಮುಖ ಆಚೆ ಕಡೆ. ಹೆದರಿದ ಮೊಲ ಹಿಂದಕ್ಕೆ ಸರಿಯುತ್ತದೆ, ಅಲ್ಲಿ ನಾನಿರುತ್ತೇನೆ. ಎತ್ತುವುದೇ ಇಲ್ಲ, ಹಾಗಾಗಿ ಬೀಳುವ ಮಾತಿಲ್ಲ. ಅಂಗೈ ತಲೆ ಮೇಲಿಟ್ಟು ಹೆಬ್ಬೆರಳಿನಿಂದ ತುಟಿ ಸರಿಸಿದರೆ ಮುಂದಿನ ಹಲ್ಲು ಕಾಣುತ್ತದೆ. ವಾರಕ್ಕೆ ಎರಡು ಮಿಲಿಮೀಟರ್ ಬೆಳೆಯುವ ಹಲ್ಲು, ಸೊಟ್ಟಗಾದರೆ ಬೇಗ ಗೊತ್ತಾಗುತ್ತದೆ. ಹಿಂಭಾಗಕ್ಕೆ ಎದೆ ಕೆಳಗೆ ಕೈ ಕೊಟ್ಟು ಮುಂಗಾಲು ಮಾತ್ರ ಸ್ವಲ್ಪ ಎತ್ತುತ್ತೇನೆ, ಹಿಂಗಾಲು ಗೋಣಿ ಮೇಲೇ ಇರಬೇಕು. ಹಿಕ್ಕೆ ಅಂಟಿದ್ದರೆ ಅವತ್ತೇ ತೊಳೆಯಬೇಕು, ಮಳೆಗಾಲದಲ್ಲಿ ನೊಣ ಮೊಟ್ಟೆ ಇಟ್ಟರೆ ಕಥೆ ಮುಗಿಯಿತು.

ದವಡೆ ಹಲ್ಲು ಮಾತ್ರ ಈ ಪಟ್ಟಿನಲ್ಲಿ ಕಾಣುವುದಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ತರಕಾರಿ ತೂಗುವ ಮಷಿನ್, ಒಂಬೈನೂರೋ ಸಾವಿರವೋ ಕೊಟ್ಟಿದ್ದೆ. ಬಿಳಿ ಹೆಣ್ಣು ಎರಡು ಕೆಜಿ ಚಿಲ್ಲರೆ ಇದ್ದದ್ದು ಮೂರು ವಾರದಲ್ಲಿ 150 ಗ್ರಾಂ ಇಳಿದಿತ್ತು. ತಿನ್ನುತ್ತಲೇ ಇತ್ತು, ಮನೆಯವರು "ನಿನಗೆ ಸುಮ್ನೆ ಅನುಮಾನ" ಎಂದರು. ಡಾಕ್ಟರು ನೋಡಿದರೆ ಹಿಂದಿನ ಹಲ್ಲು ಚೂಪಾಗಿ ನಾಲಿಗೆಗೆ ಚುಚ್ಚುತ್ತಿತ್ತು.

ಕರಿಯನ ಉಗುರು ಕಪ್ಪು, ನರ ಕಾಣುವುದಿಲ್ಲ. ಕತ್ತರಿಸುವಾಗ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯುತ್ತೇನೆ. ಆದರೂ ಒಮ್ಮೆ ರಕ್ತ ಬಂತು, ಕಾರ್ನ್‌ಫ್ಲೋರ್ ಒತ್ತಿದೆ, ನಿಂತಿತು. ದಿನಕ್ಕೆ ಎರಡೇ ಉಗುರು, ಜಾಸ್ತಿ ಆಸೆ ಪಡಬಾರದು.

ಲಂಚಕ್ಕೆ ಏನು ಕೊಡಬೇಕೆಂದೂ ಪ್ರಯೋಗ ಮಾಡಿದೆ. ಊರಿನ ಅಭಿಮಾನಕ್ಕೆ ಮಂಡಕ್ಕಿ ಕೊಟ್ಟೆ, ಮಾರನೇ ದಿನ ಹಿಕ್ಕೆ ಮೆತ್ತಗಾಯಿತು. ಈಗ ಎರಡೆಳೆ ಕೊತ್ತಂಬರಿ. ತೂಕದ ಬುಟ್ಟಿಗೆ ನಾಲ್ಕೂ ತಾವಾಗಿಯೇ ಹತ್ತುವಂತೆ ಮಾಡಿದ್ದು ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಹರಿಹರದವನಿಗೂ ಹೇಳಿಲ್ಲ, ಮಿರ್ಚಿ ಕೊಡಿಸುತ್ತೇನೆ ಅಂದಿದ್ದಾನೆ, ನೋಡೋಣ.