ಬೆಳಗ್ಗೆ ಓಟ, ಸಂಜೆ ಬೀಮ್: ಧಾರವಾಡದಲ್ಲಿ ನಾನು ಆರ್ಮಿ ಫಿಸಿಕಲ್‌ಗೆ ತಯಾರಾದದ್ದು

ಆರ್ಮಿಯ ಅಗ್ನಿವೀರ್ ಭರ್ತಿಯ ಫಿಸಿಕಲ್, ಅಂದರೆ ದೈಹಿಕ ಪರೀಕ್ಷೆ, 100 ಅಂಕದ್ದು. ನಾನು ಹೋದಾಗ ಲೆಕ್ಕ ಹೀಗಿತ್ತು. 1600 ಮೀಟರ್ ಓಟ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 5:45ರೊಳಗೆ ಬಂದರೆ 48. ಬೀಮ್ (ಕಂಬಿಗೆ ಜೋತುಬಿದ್ದು ಮೈ ಮೇಲೆತ್ತೋ ಪುಲ್-ಅಪ್) 10 ತೆಗೆದರೆ 40, ಆರೇ ಆದರೆ ಬರೀ 16. 9 ಅಡಿ ಗುಂಡಿ ಹಾರೋದು, ಜಿಗ್‌ಜಾಗ್ ಬ್ಯಾಲೆನ್ಸ್ (ಅಂಕುಡೊಂಕಾದ ಕಿರಿದಾದ ಹಲಗೆ ಮೇಲೆ ಬೀಳದೆ ನಡೆಯೋದು) ಎರಡೂ ಪಾಸಾದರೆ ಸಾಕು, ಅವಕ್ಕೆ ಅಂಕ ಇಲ್ಲ. ಅಂದರೆ ಓಟದಲ್ಲಿ ಸ್ವಲ್ಪ ತಡವಾದರೆ 12 ಅಂಕ ಹೋಗುತ್ತೆ, ಬೀಮ್ ನಾಲ್ಕು ಕಡಿಮೆಯಾದರೆ 24 ಹೋಗುತ್ತೆ. ಯಾವುದನ್ನೂ ಬಿಡೋ ಹಾಗಿಲ್ಲ.

ಹಾಗಂತ ಎರಡನ್ನೂ ದಿನಾ ಜೋರಾಗಿ ಮಾಡಿದರೂ ನಡೆಯೋದಿಲ್ಲ. ಇದರ ಬಗ್ಗೆ ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ಸಂಶೋಧಕರು 1980ರಲ್ಲೇ ಬರೆದಿದ್ದಾರೆ. ಹತ್ತು ವಾರ ಒಂದು ಗುಂಪಿಗೆ ಬರೀ ಭಾರ ಎತ್ತಿಸಿದರು, ಇನ್ನೊಂದಕ್ಕೆ ಬರೀ ದಮ್ಮಿನ ವ್ಯಾಯಾಮ, ಮೂರನೆಯದಕ್ಕೆ ಎರಡೂ. ಮೂರನೆಯ ಗುಂಪಿನವರ ದಮ್ಮು ಚೆನ್ನಾಗೇ ಬೆಳೆಯಿತು. ಆದರೆ ಅವರ ಕಾಲಿನ ಬಲ ಏಳೆಂಟು ವಾರದ ಹೊತ್ತಿಗೆ ನಿಂತುಬಿಟ್ಟಿತು, ಆಮೇಲೆ ಇಳಿಯಿತು. ಅವರಿಗೆ ಮಾಡಿಸಿದ್ದು ವಾರದಲ್ಲಿ ಐದು ದಿನ ಭಾರ, ಆರು ದಿನ ದಮ್ಮು. ಅಷ್ಟು ಮಾಡಿದರೆ ಯಾರಿಗಾದರೂ ಸುಸ್ತಾಗುತ್ತೆ ಬಿಡಿ.

ನಾನು ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿದ್ದೆ. ಹಗಲೆಲ್ಲ ಕೋಚಿಂಗ್, ಬೆಳಗ್ಗೆ ಕರ್ನಾಟಕ ಕಾಲೇಜು ಮೈದಾನ. ಅಲ್ಲಿ ಪೊಲೀಸ್ ಕಾನ್‌ಸ್ಟೇಬಲ್‌ಗೆ ತಯಾರಾಗೋರು, ಆರ್ಮಿಯೋರು, ವಾಕಿಂಗ್ ಬರೋ ಹಿರಿಯರು ಎಲ್ಲಾ ಸೇರುತ್ತಾರೆ. ನಿವೃತ್ತ ಸೈನಿಕರೊಬ್ಬರು ನಮ್ಮ ಓಟ ನೋಡುತ್ತಾ ನಿಲ್ಲುತ್ತಿದ್ದರು. ಅವರದು ಒಂದೇ ಮಾತು: "ತಮ್ಮಾ, ದಿನಾ ರೇಸ್ ಹಚ್ಚಿದ್ರ ರೇಸಿನ ದಿನಾ ಏನ್ ಉಳಿತೈತಿ?" ಆ ಮಾತನ್ನು ಹಿಡಿದೇ ನಾನು ವಾರವನ್ನು ಹೊಂದಿಸಿಕೊಂಡೆ.

ವಾರಕ್ಕೆ ಎರಡೇ ದಿನ ಜೋರು. ಮಂಗಳವಾರ 400 ಮೀಟರ್ ತುಂಡುಗಳು. 5:30ಕ್ಕೆ ಬರಬೇಕೆಂದರೆ ಪ್ರತಿ 400 ಮೀಟರಿಗೆ 82 ಸೆಕೆಂಡ್ ಸಿಗುತ್ತೆ. ನಾನು 80ರಲ್ಲಿ ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡುತ್ತಿದ್ದೆ. ಶುರುವಿನಲ್ಲಿ ನಾಲ್ಕು ತುಂಡು, ಆಮೇಲೆ ಆರು. ಶುಕ್ರವಾರ ಕೆಲಗೇರಿ ಕಡೆ ಮೂರ್ನಾಲ್ಕು ಕಿಲೋಮೀಟರ್ ಬಿರುಸಾಗಿ, ಆದರೆ ಪೂರ್ತಿ ಜೀವ ಬಿಟ್ಟು ಅಲ್ಲ. ಉಳಿದ ದಿನ ಐದಾರು ಕಿಲೋಮೀಟರ್ ನಿಧಾನ ಓಟ. ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಅಷ್ಟು ನಿಧಾನ. ನಿಜ ಹೇಳಬೇಕೆಂದರೆ ಇದೇ ಎಲ್ಲಕ್ಕಿಂತ ಕಷ್ಟ. ಹಿಂದಿನಿಂದ ಒಬ್ಬ ಹುಡುಗ ದಾಟಿ ಹೋದರೆ ಕಾಲು ಸುಮ್ನೆ ಇರೋದಿಲ್ಲ. ಭಾನುವಾರ ಪೂರ್ತಿ ರಜೆ.

ಕಾಲಿನ ಬಲದ ವ್ಯಾಯಾಮವನ್ನೂ ಇದೇ ಜೋರು ದಿನಗಳ ಸಂಜೆಗೇ ಹಾಕಿಕೊಂಡೆ. ಕೇಳಿದವರಿಗೆ ಇದು ತಿರುಗಾಮುರುಗಾ ಅನ್ನಿಸುತ್ತಿತ್ತು. ಕಾಲು ಮೊದಲೇ ದಣಿದಿರುತ್ತೆ, ಮತ್ತೆ ಬೈಠಕ್ ಯಾಕೆ ಅಂತ. ಆದರೆ ಬುಧವಾರ ಬೈಠಕ್ ಹೊಡೆದರೆ ಗುರುವಾರ ನೋವು, ಶುಕ್ರವಾರದ ಓಟ ಹಾಳು. ಮಂಗಳವಾರವೇ ಎರಡೂ ಮುಗಿಸಿದರೆ ಬುಧ, ಗುರು ಎರಡು ದಿನ ಕಾಲಿಗೆ ಆರಾಮ ಸಿಗುತ್ತೆ. ಬೆಳಗಿನ ಓಟಕ್ಕೂ ಸಂಜೆಯ ಕಸರತ್ತಿಗೂ ನಡುವೆ ಎಂಟು ಗಂಟೆಯಾದರೂ ಅಂತರ, ಎರಡು ಸಲ ಹೊಟ್ಟೆ ತುಂಬಾ ಊಟ. ಜಿಮ್‌ಗೆ ಹೋಗಲಿಲ್ಲ. ಗೋಣಿಚೀಲದಲ್ಲಿ ಮರಳು ತುಂಬಿ ಬೆನ್ನಿಗೆ ಹೊತ್ತು ಬೈಠಕ್, ಮೆಟ್ಟಿಲು ಹತ್ತೋದು, ದಂಡ. ಊರಲ್ಲಿ ಜೋಳದ ಚೀಲ ಹೊತ್ತು ರೂಢಿಯಿತ್ತು, ಹಾಗಾಗಿ ಬೆನ್ನು ತಕರಾರು ಮಾಡಲಿಲ್ಲ.

ಬೀಮ್ ಲೆಕ್ಕ ಬೇರೆ. ಅದಕ್ಕೆ ಕಾಲು ಬೇಕಾಗಿಲ್ಲ, ಹಾಗಾಗಿ ವಾರದಲ್ಲಿ ಐದು ದಿನ ಮಾಡಿದೆ, ಆದರೆ ಕೈ ಸೋಲೋವರೆಗೆ ಅಲ್ಲ. ಆರು ತೆಗೆಯೋ ತಾಕತ್ತಿದ್ದಾಗ ಮೂರು ಮೂರರಂತೆ ಐದಾರು ಸಲ, ನಡುವೆ ಸಾಕಷ್ಟು ಬಿಡುವು. ಪೂರ್ತಿ ಕೈ ಚಾಚಿ ಕೆಳಗಿಳಿಯಬೇಕು, ಗದ್ದ ಬೀಮ್ ದಾಟಬೇಕು, ಕಾಲು ಜಾಡಿಸಬಾರದು. ಅರ್ಧಂಬರ್ಧ ತೆಗೆದು ಹದಿನೈದು ಅಂತ ಹೇಳಿಕೊಳ್ಳೋರು ಮೈದಾನದಲ್ಲಿ ಬೇಕಾದಷ್ಟು ಜನ ಇದ್ದಾರೆ. ಭರ್ತಿಯ ರ್‍ಯಾಲಿಯಲ್ಲಿ ಓಟ ಆದ ಮೇಲೇ ಬೀಮ್ ಇರೋದು. ಅದಕ್ಕೆ ಶುಕ್ರವಾರ ಓಡಿದ ಕೂಡಲೇ, ಎದೆ ಇನ್ನೂ ಬಡಿದುಕೊಳ್ಳುತ್ತಿರುವಾಗಲೇ, ಬೀಮ್‌ಗೆ ಜೋತುಬೀಳುತ್ತಿದ್ದೆ. ಆರಾಮಾಗಿದ್ದಾಗಿನ ಲೆಕ್ಕಕ್ಕಿಂತ ಒಂದೆರಡು ಕಡಿಮೆಯೇ ಬರುತ್ತೆ. ನಿಮ್ಮ ಅಸಲಿ ಲೆಕ್ಕ ಅದೇ.

ಮೈ ಬೆಳೆಸೋ ಆಸೆ ನಮ್ಮ ಹುಡುಗರಲ್ಲಿ ಜಾಸ್ತಿ. ಮೈಮೇಲೆ ಬಂದ ಪ್ರತಿ ಕಿಲೋವನ್ನೂ ನಾಲ್ಕು ಸುತ್ತು ಹೊತ್ತು ಓಡಬೇಕು, ಆಮೇಲೆ ಬೀಮ್‌ಗೂ ಎತ್ತಬೇಕು. ಪೌಡರ್ ಡಬ್ಬಿಗೆ ನಾನು ದುಡ್ಡು ಹಾಕಲಿಲ್ಲ. ಖಾನಾವಳಿಯ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಜೊತೆಗೆ ಮೊಟ್ಟೆ. ಬಿರುಸು ಓಟದ ಹಿಂದಿನ ರಾತ್ರಿ ಅನ್ನ ಸ್ವಲ್ಪ ಜಾಸ್ತಿ. ಸಂಜೆ ಮಿರ್ಚಿ ಬಜಿ ಬಿಟ್ಟೆ ಅಂತ ಹೇಳೋದಿಲ್ಲ, ಧಾರವಾಡದಲ್ಲಿದ್ದು ಅದು ಸಾಧ್ಯ ಇಲ್ಲ.

ಮಳೆಗಾಲದಲ್ಲಿ ಊರಿಗೆ ಹೋದಾಗ ಓಟ ಕೈಕೊಡುತ್ತಿತ್ತು. ನಮ್ಮದು ಹಾವೇರಿ ಕಡೆಯ ಎರೆ ಹೊಲ, ನಾಲ್ಕು ಹನಿ ಬಿದ್ದರೆ ಬೂಟಿಗೆ ಒಂದೊಂದು ಸೇರು ಮಣ್ಣು ಅಂಟುತ್ತೆ. ಡಾಂಬರು ರಸ್ತೆಯಲ್ಲಿ ದಿನಾ ಓಡಿದ ಗೆಳೆಯನಿಗೆ ಮೊಣಕಾಲ ಕೆಳಗಿನ ಎಲುಬು ನೋವು ಬಂತು. ಹಾಗಾಗಿ ಅಂಥ ವಾರ ಓಟ ಎರಡೇ ದಿನ, ಬೀಮ್ ಮತ್ತು ದಂಡ ಜಾಸ್ತಿ. ಆನ್‌ಲೈನ್ ಪರೀಕ್ಷೆ ಹತ್ತಿರ ಬಂದಾಗ ಉಲ್ಟಾ: ಮೈದಾನಕ್ಕೆ ಕಡಿಮೆ ಹೋದೆ, ಕಾಲಿನ ಕಸರತ್ತು ವಾರಕ್ಕೆ ಒಂದೇ ಸಲ. ಒಮ್ಮೆ ಬಂದ ಬಲ ಉಳಿಸಿಕೊಳ್ಳೋಕೆ ಅಷ್ಟು ಸಾಕಾಗುತ್ತೆ. ನಿದ್ದೆಗೆಟ್ಟು ಓದಿ ಬೆಳಗ್ಗೆ 400 ತುಂಡು ಓಡೋದಕ್ಕಿಂತ ಅದೇ ವಾಸಿ.

ರ್‍ಯಾಲಿಗೆ ಹತ್ತು ದಿನ ಇರುವಾಗ ಮರಳಿನ ಚೀಲ ಮೂಲೆಗಿಟ್ಟೆ. ಓಟದ ವೇಗ ಇಳಿಸಲಿಲ್ಲ, ದೂರ ಅರ್ಧಕ್ಕೆ ಇಳಿಸಿದೆ. ನಸುಕಿನಲ್ಲೇ ಸಾಲಿನಲ್ಲಿ ನಿಲ್ಲಬೇಕಾಗುತ್ತೆ, ಅದಕ್ಕೆ ಬೇಗ ಎದ್ದು ಬಾಳೆಹಣ್ಣು ತಿಂದು ಓಡೋದನ್ನೂ ರೂಢಿ ಮಾಡಿಕೊಂಡೆ. ಓಟ ಮೊದಲ ಗುಂಪಿನಲ್ಲೇ, ಅಂದರೆ 5:30ರೊಳಗೆ, ಮುಗಿಯಿತು. ಬೀಮ್ ಒಂಬತ್ತು ಬಂತು, ಅದಕ್ಕೆ 33 ಅಂಕ.